ಪದ್ಮಿನಿ ಮಿಸ್ ಹೊಲಿದ ಬಾವುಟಗಳು

ದೆಹಲಿಯ ಲೋಧಿ ಕಾಲೋನಿಯಲ್ಲಿ ನಮ್ಮ ಎದುರು ಮನೆಯ ಬಾಲ್ಕನಿಯ ತಂತಿಯ ಮೇಲೆ, ಬನಿಯನ್, ಟವೆಲ್ಲುಗಳ ನಡುವೆ, ಜಪಾನ್, ಬ್ರೆಜಿಲ್, ಕೀನ್ಯಾ ಒಣಗುತ್ತಿದ್ದವು. ಪದ್ಮಿನಿ ಮಿಸ್ ಹಳೆಯ ರವಿಕೆ, ಲಂಗದ ಬಟ್ಟೆಯಿಂದ ತಾವೇ ಹೊಲಿದ ಬಾವುಟಗಳವು. ಮಕ್ಕಳ ಕೈಯಲ್ಲಿ ಕೊಳೆಯಾದರೆ ಒಗೆದು ಹಾಕುತ್ತಿದ್ದರು. ನಮ್ಮ ತ್ರಿವರ್ಣವನ್ನು ಮಾತ್ರ ಒಳಗೆ, ಫ್ಯಾನಿನ ಕೆಳಗೆ ಒಣಗಿಸುತ್ತಿದ್ದರು.

“ಬನಿಯನ್ ಪಕ್ಕ ಹಾಕಿದ್ರೆ ನನಗೇ ಕಸಿವಿಸಿ ಕಣ್ರೀ,” ಎನ್ನುತ್ತಿದ್ದರು.

“ಜಪಾನಿನವರಿಗೆ ಕಸಿವಿಸಿ ಆಗಲ್ವೇನೆ?” ಎಂದು ಅವರ ಯಜಮಾನರು ಪೇಪರಿನ ಹಿಂದಿನಿಂದ ಕೇಳುವರು.

“ಅವರು ಈ ಕಡೆ ಬರಲ್ಲ ಬಿಡಿ.”

ಮೈಸೂರಿನಲ್ಲಿ ಟೀಚರಾಗಿದ್ದವರು, ಯಜಮಾನರ ಸರ್ಕಾರಿ ನೌಕರಿಗಾಗಿ ದೆಹಲಿಗೆ ಬಂದಿದ್ದರು. ನನ್ನ ಮಗ ನಿಖಿಲನಿಗೆ ಉಬ್ಬಸ. ಚಳಿಗಾಲದ ಹೊಗೆಯಲ್ಲಿ ಶಾಲೆಗೆ ಹೋಗಲಾರದೆ ಕೊನೆಗೆ ಬಿಟ್ಟೇಬಿಟ್ಟ. ಅವನನ್ನು ತಮ್ಮ ಮನೆಗೆ ಕಳಿಸಲು ಹೇಳಿದವರು ಮಿಸ್. ಅಲ್ಲಿ ಶಾಲೆಗೆ ಹೋಗದ ಇನ್ನೂ ಮೂವರು ಮಕ್ಕಳಿದ್ದರು. ಅವರಲ್ಲೊಬ್ಬಳು ಜೊಹ್ರಾ, ಯುದ್ಧ ಬಿಟ್ಟು ಬಂದ ಅಫ್ಘಾನಿ ಹುಡುಗಿ. ದಾಖಲೆಗಳಿಲ್ಲವೆಂದು ಅವಳನ್ನು ಯಾವ ಶಾಲೆಯೂ ಸೇರಿಸಿಕೊಂಡಿರಲಿಲ್ಲ.

“ಬಣ್ಣ ಆಮೇಲೆ. ಇದಕ್ಕೆ ಮುಂಚೆ ಯಾವ ಬಾವುಟ ಇತ್ತು, ಯಾಕೆ ಬದಲಾಯ್ತು, ಅದನ್ನ ಹೇಳಿ ಮೊದಲು.” ಇದು ಮಿಸ್ ಪಾಠದ ಕ್ರಮ. ನಮ್ಮ ಬಾವುಟದಲ್ಲಿ ಚಕ್ರ ಬರುವ ಮೊದಲು ಚರಕ ಇದ್ದದ್ದು ನನಗೆ ತಿಳಿದದ್ದೂ ಮಗನಿಂದಲೇ.

ಒಮ್ಮೆ, ಮನೆಯವರನ್ನು ಕೇಳಿಕೊಂಡು ನಿನ್ನ ದೇಶದ ಬಾವುಟ ಬರೆದು ತಾ ಎಂದು ಜೊಹ್ರಾಗೆ ಹೇಳಿದರು. ಮರುದಿನ ಅವಳ ಜೊತೆ ತಂದೆಯೇ ಬಂದರು. “ಮೇಡಂ, ಯಾವುದನ್ನು ಬರೆಯಲಿ?” ಎಂದು ನಿಧಾನವಾದ ಹಿಂದಿಯಲ್ಲಿ ಕೇಳಿದರು. “ನಾನು ಹುಟ್ಟಿದಾಗ ಒಂದಿತ್ತು. ಮದುವೆಯಾದಾಗ ಬೇರೆ. ಇವಳು ಹುಟ್ಟಿದಾಗ ಇನ್ನೊಂದು. ಆಮೇಲೆ ಆಳಿದವರದು ಬಿಳಿ, ನಾವು ಓಡಿ ಬಂದದ್ದು ಅದರ ಕೆಳಗಿನಿಂದ. ಈಗ ಸರ್ಕಾರ ಬದಲಾಗಿ ಹೊಸದು ಬಂದಿದೆಯಂತೆ. ಅದನ್ನು ನಾನು ನೋಡಿಲ್ಲ.”

ಮಿಸ್ ಅವರನ್ನು ಕೂರಿಸಿದರು. ಒಳಗೆ ಹೋಗಿ ಅವರಿಗೆ ಚಹಾ ತಂದರು.

ಕೆಲವು ತಿಂಗಳಲ್ಲಿ, ಇಲ್ಲಿರಲು ಜೊಹ್ರಾ ಮನೆಯವರಿಗೆ ಕೊಟ್ಟಿದ್ದ ಪರವಾನಗಿ ಮುಗಿಯಿತು. ನಿಮ್ಮ ದೇಶದಲ್ಲಿ ಈಗ ಶಾಂತಿಯಿದೆಯಲ್ಲ, ಹಿಂದಿರುಗಿ ಎಂಬ ಮಾತು ಬಂತು. ಮಿಸ್ ತಾವೇ ಆ ಪರವಾನಗಿಯ ಕಚೇರಿಗೆ ಹೊರಟರು. ಜೊತೆಗೆ ನಾನೂ ಹೋದೆ. ಅಧಿಕಾರಿ ಸಭ್ಯರು, ಕುರ್ಚಿ ಕೊಟ್ಟು ಕೂರಿಸಿದರು.

“ಹುಡುಗಿ ಓದ್ತಿದ್ದಾಳಾ?”

“ಓದ್ತಿದ್ದಾಳೆ. ನಾನೇ ಟೀಚರ್.”

“ಅಚ್ಛಾ. ಯಾವ ಸ್ಕೂಲು?”

“ನಮ್ಮ ಮನೆ.”

ಅವರು ಪೆನ್ನು ಕೆಳಗಿಟ್ಟರು. “ಶಾಲೆಯ ಪತ್ರವಿದ್ದಿದ್ದರೆ ಅರ್ಜಿಯನ್ನು ಮೇಲಕ್ಕೆ ಕಳಿಸಬಹುದಿತ್ತು, ಮೇಡಂ.”

“ಅವಳನ್ನೇ ಕರೆಸಿ ಕೇಳಿ ನೋಡಿ ಸಾರ್. ಯಾವ ದೇಶದ ಬಾವುಟ ಬೇಕಾದರೂ ಹೇಳ್ತಾಳೆ, ಚರಿತ್ರೆ ಸಮೇತ.”

“ಹೇಳ್ತಾಳೆ, ನಂಬ್ತೀನಿ. ಅದನ್ನ ನಾನು ಫೈಲಿನಲ್ಲಿ ಹೇಗೆ ಹಾಕಲಿ?”

ಆಟೋದಲ್ಲಿ ಬರುವಾಗ ಮಿಸ್ ಒಂದೇ ಮಾತಾಡಿದ್ದು: “ಒಂದು ಸೀಲು ಇಲ್ವಲ್ರೀ ನನ್ನ ಹತ್ರ.” ಅವರ ಯಜಮಾನರು ತಮಗೆ ಗೊತ್ತಿದ್ದವರನ್ನೆಲ್ಲ ಕೇಳಿದರು. ಎಲ್ಲರೂ ನೋಡೋಣ ಎಂದರು. ಅಷ್ಟರಲ್ಲಿ ಜೊಹ್ರಾ ಬರುವುದು ನಿಂತಿತು. ಹತ್ತಿರದ ಭೋಗಲ್‌ನಲ್ಲಿದ್ದ ಅವರ ಕೋಣೆಗೆ ಹೋದರೆ ಬೀಗ ಹಾಕಿತ್ತು. ಎಲ್ಲಿಗೆ ಹೋದರೆಂದು ಮನೆ ಮಾಲೀಕರಿಗೂ ತಿಳಿದಿರಲಿಲ್ಲ.

“ಮಿಸ್, ಜೊಹ್ರಾ ಯಾವ ಕಂಟ್ರಿಗೆ ಹೋದಳು?” ನಿಖಿಲ ಕೇಳಿದನಂತೆ. ಮಿಸ್ ಅಂದು ಬೇಗ ಪಾಠ ಮುಗಿಸಿ ಮಕ್ಕಳನ್ನು ಕಳಿಸಿಬಿಟ್ಟರು. ಅಂದಿನಿಂದ ತಂತಿಯ ಮೇಲೆ ಬರೀ ಬನಿಯನ್, ಟವೆಲ್ಲುಗಳು.

ಯಜಮಾನರು ನಿವೃತ್ತರಾದ ವರ್ಷ ಅವರು ಮೈಸೂರಿಗೆ ಹೊರಟರು. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಬೋಗಿಯ ಬಾಗಿಲ ಬಳಿ ನಿಂತು ನಾನು, “ಅಲ್ಲೂ ಮಕ್ಕಳಿಗೆ ಪಾಠ ಹೇಳ್ತೀರಲ್ವಾ ಮಿಸ್?” ಎಂದೆ.

“ಹೇಳ್ತೀನಿ,” ಎಂದರು. ಒಂದು ಕ್ಷಣ ನನ್ನ ಮುಖ ನೋಡಿದರು. “ಲೆಕ್ಕ ಮಾತ್ರ ಹೇಳಿಕೊಡ್ತೀನಿ.”

ಒಳಗೆ ಹೋಗಿ ಕೂತರು. ರೈಲು ಹೊರಟಿತು. ಅವರು ಕೈಬೀಸಿದರೋ ಇಲ್ಲವೋ, ಎ.ಸಿ. ಬೋಗಿಯ ಆ ಕಪ್ಪು ಗಾಜಿನಲ್ಲಿ ನನಗೆ ಕಾಣಲಿಲ್ಲ.