ಜೋಡಿ ಹಕ್ಕಿಯ ಕುಣಿತ

ನಮ್ಮೂರಲ್ಲಿ ಸೋಯಾ ಹಾಲು ಒಡೆಸಿ, ಹಿಂಡಿ ತೋಫು ಮಾಡಿ ಮಾರುವ ನ್ಯಾನ್ ಇದ್ದಾಳಲ್ಲ, ಅವಳ ಗಂಡ ಲುವಾಂಗ್ ನೀರಿನ ಮೇಲೆ ಗೊಂಬೆಯಾಡಿಸುವ ತಂಡದವನು. ಅವನೂ ಅವನ ಅಣ್ಣ ಖ್ವಾತನೂ ಕೆರೆಯಲ್ಲಿ ಬಿದಿರು ಪರದೆಯ ಹಿಂದೆ ಎದೆಮಟ್ಟ ನೀರಲ್ಲಿ ನಿಂತು, ನೀರೊಳಗೆ ಮರೆಯಾದ ಉದ್ದ ಬಿದಿರ ಗಳುಗಳಿಂದ ಮರದ ಗಂಡು ಹೆಣ್ಣು ಹಕ್ಕಿಗಳನ್ನು ಕುಣಿಸುತ್ತಿದ್ದರು. ಲುವಾಂಗ್ ಜ್ವರ ಬಂದು ತೀರಿಕೊಂಡ. ಹೆಣ್ಣು ಹಕ್ಕಿಗೆ ಆಳಿಲ್ಲದಂತಾಯಿತು.

"ನಾನು ಕುಣಿಸ್ತೀನಿ" ಎಂದಳು ನ್ಯಾನ್.

ಖ್ವಾತ್ ಉರಿದುಬಿದ್ದ. "ಹೆಂಗಸ್ರಿಗೆ ಈ ವಿದ್ಯೆ ಕಲಿಸ್ಬಾರ್ದು ಅಂತ ಅಜ್ಜಂದಿರ ಆಣೆ ಇದೆ. ಗಳು ಹಿಡಿಯುತ್ತಂತೆ ತೋಫು ಹಿಂಡೋ ಕೈ!"

"ಕಲಿಸಿದ್ದು ನಿಮ್ಮ ತಮ್ಮನೇ, ಬಾವ. ಹಿತ್ತಲ ಹೊಂಡದಲ್ಲಿ ಅವ್ರ ಎದುರು ಇನ್ನೊಂದು ಗಳು ಹಿಡೀತಿದ್ದಿದ್ದು ಯಾರು ಅಂದ್ಕೊಂಡ್ರಿ?"

ಅಂದಿನಿಂದ ಖ್ವಾತ್ ಅವಳೊಡನೆ ಮಾತು ಬಿಟ್ಟ. ಆದರೆ ಬೇರೆ ಯಾರೂ ಸಿಗದೆ ತಂಡದ ಹಿರಿಯರು ಅವಳನ್ನೇ ನೀರಿಗಿಳಿಸಿದರು.

ಹೊಸ ವರ್ಷದ ಆಟ. ಮೂಳೆ ಕೊರೆಯುವ ಚಳಿ. ನಾನು ಪರದೆಯ ಪಕ್ಕದ ದಂಡೆಯಲ್ಲಿ ಡೋಲು ಬಾರಿಸುತ್ತಿದ್ದೆ. ಅಲ್ಲಿಂದ ನನಗೆ ಒಳಗೂ ಹೊರಗೂ ಕಾಣುತ್ತಿತ್ತು. ಕುಣಿತ ಏರುತ್ತಿದ್ದಂತೆ ಗಂಡು ಹಕ್ಕಿಯ ಕತ್ತನ್ನು ಎತ್ತಿಹಿಡಿಯುವ ದಾರ ತುಂಡಾಯಿತು. ತಲೆ ತಟ್ಟನೆ ನೀರಿಗೆ ಜೋತುಬಿತ್ತು. ಖ್ವಾತ್ ದಾರ ಎಳೆದ, ಮತ್ತೆ ಎಳೆದ. ಬಾಯಿ ಬಿಟ್ಟರೆ ದಂಡೆಯ ಜನಕ್ಕೆ ಕೇಳುತ್ತದೆ. ಜನ ಆಗಲೇ ಗುಜುಗುಜು ಎನ್ನತೊಡಗಿದ್ದರು. ನನ್ನ ತಾಳವೂ ತಪ್ಪಿತು.

ದೂರ ಹೋಗುತ್ತಿದ್ದ ಹೆಣ್ಣು ಹಕ್ಕಿ ನಿಂತಿತು. ಮೆಲ್ಲಗೆ ತಿರುಗಿ ಬಂದು, ಜೋತ ತಲೆಯ ಕೆಳಗೆ ತನ್ನ ಕತ್ತು ತೂರಿಸಿತು. ಗಳುಗಳು ತೊಡರಿಕೊಂಡರೆ ಎರಡೂ ಮುಳುಗುತ್ತವೆ. ಖ್ವಾತ್ ಒಮ್ಮೆ ಅವಳತ್ತ ನೋಡಿದ. ಅವಳ ಕಣ್ಣು ಹಕ್ಕಿಯ ಮೇಲಿತ್ತು. ಅವನು ಬಿಗಿಹಿಡಿದ ಗಳುವನ್ನು ಸಡಿಲಿಸಿದ. ಅವಳು ಎತ್ತಿದಳು, ಅವನು ಬಿಟ್ಟುಕೊಟ್ಟ. ಅವನು ಎಡಕ್ಕೆ ತುಸು ತಳ್ಳಿದ. ಅವಳು ಆ ತಿರುವನ್ನು ಹಿಡಿದುಕೊಂಡಳು. ನಾನು ಕೋಲು ಬಿಟ್ಟು ಬೆರಳಿನಿಂದಲೇ ಡೋಲು ತಟ್ಟಿದೆ. ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡು ಹಕ್ಕಿಗಳು ಸುತ್ತಿದವು.

"ನೋಡ್ರೇ, ಸುಸ್ತಾದ ಗಂಡನ್ನ ಹೆಂಗೆ ಹೊತ್ಕೊಂಡಿದೆ!" ಎಂದು ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಕುಣಿತದ ಕೊನೆಗೆ ಎಂದಿನಂತೆ ಹಕ್ಕಿಗಳ ನಡುವೆ ಮರದ ಮೊಟ್ಟೆ ತೇಲಿತು, ಅದರಿಂದ ಮರಿಗೊಂಬೆ ಹೊರಬಂತು, ಜನ ಕೂಗಿ ಕುಣಿದರು.

ನೀರಿನಿಂದ ಮೇಲೆ ಬಂದ ಖ್ವಾತ್ ನಡುಗುತ್ತಲೇ ಗದರಿದ. "ಅಷ್ಟು ಹತ್ರ ಬರ್ತಾರೇನು? ಮುಳುಗಿದ್ರೆ?"

"ಮುಳುಗ್ಲಿಲ್ವಲ್ಲ ಬಾವ."

"ಎಡಕ್ಕೆ ತಳ್ತೀನಿ ಅಂತ ಹೆಂಗೆ ಗೊತ್ತಾಯ್ತು?"

ನ್ಯಾನ್ ಯೋಚಿಸಿದಳು. "ಗೊತ್ತಿಲ್ಲ. ಗಳು ಭಾರ ಆಯ್ತು, ತಿರುಗಿದೆ."

"ತಮ್ಮನೂ ಹಿಂಗೇ ಅಂತಿದ್ದ" ಎಂದು ಖ್ವಾತ್ ಮುಖ ತಿರುಗಿಸಿ ಅಂಗಿ ಹಿಂಡತೊಡಗಿದ.

ವಯಸ್ಸಾಗಿ ಮಂಡಿ ಸೋಲುವವರೆಗೂ ಅವನು ಅವಳೊಡನೆಯೇ ಹಕ್ಕಿ ಕುಣಿಸಿದ. ಆಮೇಲೂ ಇಬ್ಬರ ನಡುವೆ ಮಾತು ಹೆಚ್ಚಲಿಲ್ಲ. ಈಗ ನ್ಯಾನಳ ಪಕ್ಕದಲ್ಲಿ ನೀರಿಗಿಳಿಯುವುದು ಖ್ವಾತನ ಮೊಮ್ಮಗಳು. ಅವನು ನನ್ನ ಡೋಲಿನ ಪಕ್ಕ ಕೂತು ಇಬ್ಬರನ್ನೂ ಬೈಯುತ್ತಿರುತ್ತಾನೆ.