ಗಣಪತಿಯ ಹಿಂದಿನ ಚಕ್ರ

ಮಗಳು ಪ್ರಾಜೆಕ್ಟಿಗೆಂದು ತಂದ ಹಳೇ ಮೋಟರಿನ ಗ್ರೀಸ್ ವಾಸನೆ ನನ್ನನ್ನು ನೇರ ಮುಂಬೈ ಹತ್ತಿರದ ಡೊಂಬಿವಲಿಯ ತವರಿಗೆ ಕರೆದೊಯ್ದಿತು.

ನಾನಾಗ ಇನ್ನೂ ಶಾಲೆಯ ಹುಡುಗಿ. ಮರುದಿನ ಮನೆಗೆ ಗಣಪತಿ ಬರಬೇಕು. ಮೂರ್ತಿಯ ಹಿಂದೆ ತಿರುಗುವ ಚಕ್ರದ ಮೋಟರ್ ಸುಟ್ಟುಹೋಗಿತ್ತು. ಅಪ್ಪ ಹಳೇ ಪ್ರಿಂಟರಿನ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರನ್ನೂ ಅದನ್ನು ಓಡಿಸುವ ಬೋರ್ಡನ್ನೂ ತಂದರು. ಮೋಟರಿಗೆ ನಾಲ್ಕು ವೈರು, ಒಳಗಿನ ಎರಡು ಸುರುಳಿಗೆ ಒಂದೊಂದು ಜೋಡಿ. ಯಾವುದು ಎಲ್ಲಿಗೆಂದು ಬರೆದಿರಲಿಲ್ಲ. ಮನೆಯ ವೈರಿಂಗನ್ನೆಲ್ಲ ತಾವೇ ಮಾಡುತ್ತಿದ್ದ ಅಪ್ಪನಿಗೆ ಅನುಮಾನವೇ ಬರಲಿಲ್ಲ.

"ಕೆಂಪು, ಕಪ್ಪು ಯಾವಾಗ್ಲೂ ಜೋಡಿನ ಇರ್ತಾವವ್ವಾ," ಎಂದು ಹಚ್ಚಿದರು. ಮೋಟರ್ ತಿರುಗದೆ ನಿಂತಲ್ಲೇ ಗಡಗಡ ನಡುಗಿತು.

ಅಪ್ಪ ಚಹಾಕ್ಕೆ ಎದ್ದಾಗ ನಾನು ವೈರು ಬಿಚ್ಚಿ ಆಡುತ್ತ ಕೂತೆ. ಕೆಂಪು, ನೀಲಿ ತುದಿಗಳನ್ನು ಹೊಸೆದದ್ದೇ, ಸಲೀಸಾಗಿ ತಿರುಗುತ್ತಿದ್ದ ಮೋಟರಿನ ಶಾಫ್ಟ್ ಬೆರಳಿಗೆ ಬಿಗಿಯಾಯಿತು. ಬಿಡಿಸಿದರೆ ಮತ್ತೆ ಸಡಿಲ. ಕಪ್ಪು, ಹಸಿರು ಹೊಸೆದರೂ ಹಾಗೆಯೇ.

"ಅಪ್ಪಾ, ಕೆಂಪಿನ ಜೋಡಿ ನೀಲಿ!"

ಅಪ್ಪ ನಕ್ಕರು. ತಾವೂ ಹೊಸೆದು ನೋಡಿದರು. ನಗು ನಿಂತಿತು. ಜೋಡಿ ಬದಲಿಸಿ ಹಚ್ಚಿದರೆ ಚಕ್ರ ತಿರುಗಿತು!

ಆರತಿಗೆ ಬಂದ, ನಾವು ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಯಾರು ಮಾಡಿದ್ದೆಂದು ಕೇಳಿದರು. ನನ್ನನ್ನು ಎಂದೂ ಹೊಗಳದ ಅಪ್ಪ, "ಆಮಚ್ಯಾ ಮುಲೀನೆ," ನಮ್ಮ ಮಗಳು, ಎಂದರು. ವಿಸರ್ಜನೆಯವರೆಗೂ ಬಂದವರಿಗೆಲ್ಲ ಅದನ್ನೇ ಹೇಳಿದರು, ಯಾರೂ ಕೇಳದಿದ್ದರೂ.

ಇವತ್ತು ತನ್ನ ಮೋಟರಿನ ನಾಲ್ಕು ವೈರುಗಳ ಜೋಡಿ ಹುಡುಕಲು ಮಗಳು ಮೀಟರ್ ಕೇಳಿದಳು. "ಮೊದಲು ಎರಡೆರಡು ವೈರು ಹೊಸೆದು, ಶಾಫ್ಟ್ ತಿರುಗಿಸಿ ನೋಡು," ಎಂದೆ. ಸ್ವಲ್ಪ ಹೊತ್ತಿಗೆ, "ಆಯೀ, ಘಟ್ಟ ಝಾಲಂ!" ಬಿಗಿಯಾಯಿತು, ಎಂದು ಕೂಗಿದಳು.

ಯಾರು ಮಾಡಿದ್ದೆಂದು ಯಾರೂ ಕೇಳಿರಲಿಲ್ಲ. ಆದರೂ ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ.