ಹಾಲಿಂಗರ್ ಮತ್ತು ಮಗ

ತಮ್ಮ ಕೊರ್ಬಿನಿಯಾನ್ ಹುಟ್ಟಿದ ವಾರದಲ್ಲೇ ಅಪ್ಪ ಪೇಂಟರನ್ನು ಕರೆಸಿ, ಕಾರ್ಖಾನೆಯ ಬೋರ್ಡಿನಲ್ಲಿ ‘ಹಾಲಿಂಗರ್’ ಎಂಬುದರ ಪಕ್ಕಕ್ಕೆ ‘ಮತ್ತು ಮಗ’ ಎಂದು ಬರೆಸಿದರು. ನನಗಾಗ ನಾಲ್ಕು ವರ್ಷ. ಮಗಳು ನಾನು ಹುಟ್ಟಿದಾಗ ನಮ್ಮ ಬವೇರಿಯಾ ಸೀಮೆಯಲ್ಲಿ ಬಣ್ಣ ಸಿಗುತ್ತಿರಲಿಲ್ಲವೋ ಏನೋ.

ನಮ್ಮದು ಹಿಮದ ಮೇಲೆ ಜಾರುವ ಮರದ ಬಂಡಿಗಳನ್ನು ಮಾಡುವ ಮನೆತನ. ಶಾಲೆ ಮುಗಿಸಿದ್ದೇ ನಾನು ಅಪ್ಪನ ಪಕ್ಕ ನಿಂತು, ಮರವನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸುವುದನ್ನು ಕಲಿತೆ. ತಮ್ಮ ಏನು ಕಲಿತ? ನಾನು ಬಗ್ಗಿಸಿದ್ದರ ಮೇಲೆ ಕೂತು ಬೆಟ್ಟದಿಂದ ಜಾರುವುದನ್ನು. ಮೊದಲು ನಮ್ಮ ಕಣಿವೆ ಗೆದ್ದ, ಆಮೇಲೆ ಬವೇರಿಯಾ, ಆಮೇಲೆ ಹೊರದೇಶ. ಅವನು ಗೆದ್ದ ಕಪ್‌ಗಳನ್ನು ಒರೆಸುವ ಕೆಲಸವೂ ನನ್ನ ಪಾಲಿಗೇ ಬಂತು.

ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆ ಅವನದಾಯಿತು. ಪ್ಲಾಸ್ಟಿಕ್ ಬಂಡಿಗಳು ಬಂದು ಸುತ್ತಲಿನವರೆಲ್ಲ ಬಾಗಿಲು ಹಾಕಿದಾಗ ಇವನು ನಾರ್ವೆಗೆ ಹೋಗಿ, ಪದಕ ತೋರಿಸಿ, ನಗುನಗುತ್ತಾ ಆರ್ಡರು ಹಿಡಿದು ತಂದ. ನಮ್ಮ ಹನ್ನೆರಡು ಕೆಲಸಗಾರರ ಅನ್ನ ಉಳಿಯಿತು. ಇದನ್ನು ಹೇಳುವಾಗಲೂ ನನ್ನ ಹೊಟ್ಟೆ ಉರಿಯುತ್ತದೆ, ಆದರೆ ಸುಳ್ಳು ಹೇಳಲಾರೆ.

ಅವನಿಗೆ ಮಗನೂ ಇಲ್ಲ, ಮಗಳೂ ಇಲ್ಲ. ಬೋರ್ಡು ಮಾತ್ರ ಹಾಗೇ ಇದೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಆ ಬೋರ್ಡಲ್ಲಿ ನನ್ನ ಹೆಸರು ಯಾವತ್ತು ಬರೆಸ್ತೀಯೋ?”

“ಅಯ್ಯೋ ಬಿಡಕ್ಕಾ, ಹೆಸರೇನು ಮರ ಬಗ್ಗಿಸುತ್ತಾ?” ಎಂದು ನಕ್ಕ. ಅವನು ನಕ್ಕರೆ ಊರೇ ಕರಗುತ್ತದೆ. ನನಗೆ ಮೈ ಪರಚಿಕೊಳ್ಳುವಂತಾಯಿತು.

ಕಳೆದ ಚಳಿಗಾಲದಲ್ಲಿ ನಮ್ಮೂರ ಬೆಟ್ಟದಲ್ಲೇ ಹಿರಿಯರ ಪಂದ್ಯವಿತ್ತು. ಬಂಡಿಯ ಅಡಿಯ ಉಕ್ಕಿನ ಪಟ್ಟಿ ಬೆಚ್ಚಗಿದ್ದರೆ ಹೆಚ್ಚು ಜಾರುತ್ತದೆ. ಅದಕ್ಕೇ ಹೊರಡುವ ಮುಂಚೆ ಪಟ್ಟಿಯ ಬಿಸಿ ಅಳೆಯುತ್ತಾರೆ, ಬೆಚ್ಚಗಿದ್ದರೆ ಪಂದ್ಯದಿಂದ ಹೊರಗೆ. ನಮ್ಮ ಕಣಿವೆಯಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು.

ಆ ಬೆಳಿಗ್ಗೆ ನಾನು ಅಡುಗೆಮನೆಗೆ ಬಂದರೆ, ಅವನ ಬಂಡಿ ಒಲೆಗೆ ಒರಗಿ ನಿಂತಿದೆ! ಪಕ್ಕದಲ್ಲಿ ಅಮ್ಮ ಏದುಸಿರು ಬಿಡುತ್ತಾ ಕಾಫಿ ಕುಡಿಯುತ್ತಿದ್ದಾಳೆ.

“ಹೊರಗೆ ಚಳಿ ಕಣೇ, ಪಾಪ, ಒಳಗೆ ತಂದಿಟ್ಟೆ” ಎಂದಳು.

ಮುದುಕಿಗೆ ಅರುಳುಮರುಳು ಎಂದುಕೊಂಡೆ. ತಮ್ಮ ಅಂಗಳದಲ್ಲಿ ಕಾರಿನ ಮೇಲಿನ ಹಿಮ ಕೆರೆಯುತ್ತಾ ಸಿಳ್ಳೆ ಹಾಕುತ್ತಿದ್ದ. ನಾನು ಬಾಯಿ ಬಿಡದಿದ್ದರೆ ಸಾಕಿತ್ತು. ಇಡೀ ಊರಿನ ಮುಂದೆ ಅವನನ್ನು ಹೊರಗೆ ಹಾಕುತ್ತಿದ್ದರು. ನಿಜ ಹೇಳುತ್ತೇನೆ, ಬಾಯಲ್ಲಿ ನೀರೂರಿತು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಸುಮ್ಮನೆ ಕೂತೆ.

ಆದರೆ ಕಣ್ಣು ಬಂಡಿಯ ಮೇಲೇ ಹೋಗುತ್ತಿತ್ತು. ಆ ಬಾಗು ನಾನು ಕೊಟ್ಟದ್ದು. ಹೊರಗೆ ಬೀಳುವುದು ಬರೀ ಅವನಲ್ಲ, ನನ್ನ ಬಂಡಿಯೂ ಬೀಳುತ್ತದೆ. ಎದ್ದು, ಅದನ್ನು ಎತ್ತಿಕೊಂಡು ಹೋಗಿ ಹಿಮದಲ್ಲಿ ಹೂತಿಟ್ಟೆ. ಅಮ್ಮ ನೋಡುತ್ತಲೇ ಕಾಫಿ ಮುಗಿಸಿದಳು.

ಗೆದ್ದ. ಗೆಲ್ಲದೆ ಏನು ಮಾಡುತ್ತಾನೆ! ಮೈಕಿನಲ್ಲಿ ‘ಹಾಲಿಂಗರ್ ಮತ್ತು ಮಗ’ ಎಂದು ಕೂಗಿದರು. ಊಟಕ್ಕೆ ಹೋದಾಗ ಹೋಟೆಲಿನ ತ್ಸೆಂಟಾ ಬಿಯರಿನ ಲೋಟಗಳನ್ನು ಇಡುತ್ತಾ, “ಏನೇ ವಾಲ್ಬುರ್ಗಾ, ತಮ್ಮ ಗೆದ್ದು ಬಂದಿದ್ದಾನೆ, ನಿನ್ನ ಮುಖ ಯಾಕೆ ಹುಳಿ ಎಲೆಕೋಸು ತಿಂದಂಗಿದೆ?” ಎಂದಳು. ಎಲ್ಲರೂ ನಕ್ಕರು.

ಕೊರ್ಬಿನಿಯಾನ್ ನನ್ನ ಹೆಗಲ ಮೇಲೆ ಕೈ ಹಾಕಿದ. “ಅಕ್ಕಾ, ನಿನ್ನೆ ಅಮ್ಮಂಗೆ ಹೇಳಿದ್ದೆ. ಈ ಸಲ ಗೆಲ್ಲಲಿಲ್ಲ ಅಂದ್ರೆ ಮುಗೀತು, ಜಾರೋದೂ ಬಿಟ್ಟೆ, ಕಾರ್ಖಾನೇನೂ ಅಕ್ಕಂಗೆ ಬಿಟ್ಟೆ ಅಂತ. ಈಗ ನೋಡು! ಕಾಲು ಇನ್ನೂ ಗಟ್ಟಿ ಇದೆ. ಇನ್ನೂ ಹತ್ತು ವರ್ಷ ನಾನೇ!”

ಲೋಟ ಎತ್ತಿಕೊಂಡು ಮುಂದಿನ ಮೇಜಿಗೆ ಹೋದ. ನಾನು ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿದೆ.

“ನಾನು ಒಲೆ ಹತ್ರ ಇಟ್ಟಿದ್ದನ್ನ ನೀನ್ಯಾಕೆ ಹೊರಗೆ ಒಯ್ದೆ?” ಎಂದಳು, ಮೆಲ್ಲಗೆ.

“ಪಟ್ಟಿಯ ಬಿಸಿ ಅಳೀತಾರೆ ಅನ್ನೋದು ನಿನಗೆ ಮರೆತುಹೋಗಿದೆ ಅಂದ್ಕೊಂಡೆ, ಅಮ್ಮಾ.”

“ಬಂಡಿ ಮಾಡೋನ ಹೆಂಡತಿ ಕಣೇ ನಾನು. ಅದನ್ನ ಮರೀತೀನಾ, ಪೆದ್ದಿ?”

ಎಂದವಳು ತನ್ನ ತಟ್ಟೆಯ ಆಲೂಗಡ್ಡೆ ಕಡುಬನ್ನು ಮುರಿದು, ಅರ್ಧ ನನ್ನ ತಟ್ಟೆಗೆ ಹಾಕಿದಳು.